ಭೇದವೂ ಕ್ರಮವೂ

ಲೋಕದ ವಸ್ತುಗಳಲ್ಲಿ ಇದು ಮೇಲು ಅದು ಕೀಳು, ಇದು ಮೊದಲು ಅದು ಅನಂತರ ಎಂದು ನಾವು ಕಾಣುವ ಕ್ರಮವು ಆ ವಸ್ತುಗಳಲ್ಲಿಯೇ ನೆಲೆಸಿರುವುದೋ, ಇಲ್ಲವೆ ನೋಡುವವನ ಬುದ್ಧಿಯು ತನ್ನ ಪ್ರಯೋಜನವನ್ನನುಸರಿಸಿ ಅವುಗಳ ಮೇಲೆ ಆರೋಪಿಸುವುದೋ ಎಂಬುದು ನಮ್ಮ ದರ್ಶನಕಾರರನ್ನು ಬಹುಕಾಲ ಚಿಂತೆಗೆ ಹಚ್ಚಿದ ಪ್ರಶ್ನೆ. ಶಾಸ್ತ್ರಗ್ರಂಥಗಳ ಪುಟಗಳಲ್ಲಿಯೇ ಉಳಿದುಹೋಯಿತೆಂದು ತೋರುತ್ತಿದ್ದ ಈ ಪ್ರಶ್ನೆಯನ್ನು ಈಗ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವ ತರುಣರು, ಬಹುಶಃ ತಮಗರಿವಿಲ್ಲದೆಯೇ, ದಿನವೂ ಎದುರಿಸುತ್ತಿದ್ದಾರೆ. ಒಂದು ಪಟ್ಟಿಯನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬ ನಿಯಮವನ್ನು ಮೊದಲೇ ಬರೆದಿಡದೆ, ಕೇಳುವವನು ಕೇಳಿದ ಕ್ಷಣದಲ್ಲಿ, ಅವನ ಕೇಳಿಕೆಗೆ ತಕ್ಕಂತೆ ಹೊಸದಾಗಿ ನಿರ್ಮಿಸಿಕೊಡುವ ವಿದ್ಯೆ ಅವರಿಗೆ ಕರಗತವಾಗಿದೆ. ಕ್ರಮವೆಂಬುದು ಹೀಗೆ ಕ್ಷಣಮಾತ್ರದಲ್ಲಿ ಹುಟ್ಟಿ ಕ್ಷಣಮಾತ್ರದಲ್ಲಿ ಅಳಿಯುವುದಾದರೆ, ಅದಕ್ಕೆ ವಸ್ತುವಿನಲ್ಲಿ ಆಧಾರವೇನು?

ಈ ವಿಚಾರಕ್ಕೆ ಆದವಾನಿಯ ಸೀಮೆಗಿಂತ ಉಚಿತವಾದ ಸ್ಥಳವನ್ನು ನಾನು ಕಾಣೆ. ಇಂದಿನ ಕರ್ನೂಲು ಜಿಲ್ಲೆಯ ಪಶ್ಚಿಮಭಾಗವಾದ ಈ ನಾಡಿನಲ್ಲಿ, ತುಂಗಭದ್ರೆಯ ಬಲದಂಡೆಯ ಮಂಚಾಲೆಯಲ್ಲಿ, ಎಂದರೆ ಇಂದಿನ ಮಂತ್ರಾಲಯದಲ್ಲಿ, ಶ್ರೀ ರಾಘವೇಂದ್ರತೀರ್ಥರು 1671ರಲ್ಲಿ ವೃಂದಾವನಸ್ಥರಾದರು. ಇದೇ ನಾಡಿನ ಚಿಪ್ಪಗಿರಿಯಲ್ಲಿ 1755ರಲ್ಲಿ ಹರಿದಾಸರಾದ ವಿಜಯದಾಸರು ದೇಹವನ್ನಿಳುಹಿದರು. ಹೊಳೆಯನ್ನು ದಾಟಿದರೆ, ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರ ಮಾನ್ವಿ. ತಾರತಮ್ಯವು, ಎಂದರೆ ಮೇಲುಕೀಳುಗಳ ಶ್ರೇಣಿಯು, ಸತ್ಯ, ಅದು ಜೀವದ ಸ್ವರೂಪದಲ್ಲಿಯೇ ಇದೆ, ಮುಕ್ತಿಯಲ್ಲಿಯೂ ಅಳಿಯದು ಎಂದು ನಿಸ್ಸಂಕೋಚವಾಗಿ ಸಾರಿದ ಮಧ್ವಮತವು ಸಂಸ್ಕೃತದ ವಾದಗ್ರಂಥಗಳಿಂದ ಇಳಿದು ಕನ್ನಡದ ಹಾಡಾಗಿ ಮನೆಮನೆಯನ್ನು ಹೊಕ್ಕದ್ದು ಈ ಎರಡು ದಂಡೆಗಳ ನಡುವೆ.

ಮೊದಲು ಯಂತ್ರದ ಕಾರ್ಯವನ್ನು ತಿಳಿಯೋಣ. ಆದವಾನಿಯ ಕೃಷಿ ಮಾರುಕಟ್ಟೆಯ ಅಂಗಳಕ್ಕೆ ಸುತ್ತಣ ಎರೆನೆಲದ ಹಳ್ಳಿಗಳಿಂದ ಹತ್ತಿಯು ಬಂದು ಬೀಳುವುದು ಪ್ರಸಿದ್ಧವಾಗಿದೆ. ಪ್ರತಿಯೊಂದು ರಾಶಿಗೂ ತಂದವನ ಊರು, ತೂಕ, ಎಳೆಯ ಉದ್ದ, ತೇವಾಂಶ, ಕಸದ ಪ್ರಮಾಣ, ಕೂಗಿದ ಬೆಲೆ ಎಂಬ ವಿವರಗಳುಂಟು. ರೈತನಿಗೆ ಬೆಲೆಯ ಕ್ರಮ ಬೇಕು. ಜಿನ್ನಿಂಗ್ ಮಿಲ್ಲಿನವನಿಗೆ ಎಳೆಯ ಉದ್ದದ ಕ್ರಮ ಬೇಕು. ಶೇಕಡ 8ರ ತೇವಾಂಶಕ್ಕೆ ಪೂರ್ಣ ಬೆಂಬಲ ಬೆಲೆಯನ್ನು ಕೊಟ್ಟು, 12ನ್ನು ಮೀರಿದರೆ ಕೊಳ್ಳದಿರುವ ಹತ್ತಿ ನಿಗಮದವರಿಗೆ ತೇವಾಂಶದ ಕ್ರಮ ಬೇಕು. ಗುಮಾಸ್ತನಿಗೆ ಯಾವ ಗಾಡಿ ಮೊದಲು ಬಂದಿತೆಂಬುದೇ ಸಾಕು. ನಾಳೆ ಬರುವವನು ಊರುಗಳನ್ನು ಅಕಾರಾದಿಯಾಗಿಯೂ, ಒಂದೇ ಊರಿನವುಗಳಲ್ಲಿ ಬೆಲೆಯನ್ನು ಇಳಿಕೆಯಾಗಿಯೂ, ಬೆಲೆ ಸಮವಾದಲ್ಲಿ ತೇವಾಂಶವನ್ನು ಏರಿಕೆಯಾಗಿಯೂ ಕೇಳಬಹುದು. ಸಂಭವಿಸಬಹುದಾದ ಕೇಳಿಕೆಗಳೆಲ್ಲಕ್ಕೂ ಒಂದೊಂದು ನಿಯಮವನ್ನು ಮುಂಚಿತವಾಗಿ ಬರೆದಿಡುವುದು ಅಸಾಧ್ಯವಾದ್ದರಿಂದ, ಜಾಣನಾದ ಪ್ರೋಗ್ರಾಮರನು ನಿಯಮಗಳನ್ನು ಬರೆಯುವುದನ್ನು ಬಿಟ್ಟು, ನಿಯಮವನ್ನು ಹುಟ್ಟಿಸುವ ನಿಯಮವನ್ನು ಬರೆಯುತ್ತಾನೆ.

ಪರ್ಲ್, ಪೈಥಾನ್, ಜಾವಾಸ್ಕ್ರಿಪ್ಟ್ ಮೊದಲಾದ ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ಜೋಡಿಸುವ ಯಂತ್ರಭಾಗಕ್ಕೆ ಮೇಲುಕೀಳುಗಳ ಅರಿವು ಲೇಶವೂ ಇಲ್ಲ. ಅದು ಎರಡೆರಡು ವಸ್ತುಗಳನ್ನು ಎತ್ತಿ ಹಿಡಿದು ‘ಇವೆರಡರಲ್ಲಿ ಯಾವುದು ಮುಂದೆ?’ ಎಂದು ಹೋಲಿಕೆಯ ಫಂಕ್ಷನ್ನನ್ನು, ಎಂದರೆ ಹೋಲಿಸುವ ನಿಯಮವನ್ನು ಹೊತ್ತ ಪ್ರೋಗ್ರಾಮಿನ ತುಣುಕನ್ನು, ಕೇಳುತ್ತದೆ. ಆ ಫಂಕ್ಷನ್ನು ಋಣಸಂಖ್ಯೆ, ಸೊನ್ನೆ, ಧನಸಂಖ್ಯೆ ಎಂಬ ಮೂರು ಬಗೆಯ ಉತ್ತರಗಳಲ್ಲಿ ಒಂದನ್ನು ಕೊಡುತ್ತದೆ. ಇಂತಹ ಉತ್ತರಗಳನ್ನು ಕೂಡಿಹಾಕಿಕೊಂಡು ಯಂತ್ರವು ಇಡೀ ಪಟ್ಟಿಯನ್ನು ಅಣಿಗೊಳಿಸುತ್ತದೆ. 1987ರಲ್ಲಿ ಹೊರಬಂದ ಪರ್ಲ್ ಭಾಷೆಯಲ್ಲಿ ಈ ಮೂರುಬಗೆಯ ಉತ್ತರಕ್ಕೆಂದೇ ಒಂದು ಚಿಹ್ನೆಯಿದೆ. ಪೈಥಾನ್ ಮೊದಲು ಇದೇ ಪದ್ಧತಿಯನ್ನು ಅನುಸರಿಸುತ್ತಿದ್ದು, 2008ರ ಮೂರನೆಯ ಆವೃತ್ತಿಯಲ್ಲಿ ಅದನ್ನು ಬಿಟ್ಟು, ಪ್ರತಿಯೊಂದು ವಸ್ತುವಿನಿಂದಲೂ ಹೋಲಿಸಬೇಕಾದ ಅಂಶವನ್ನು ಮಾತ್ರ ಒಮ್ಮೆ ತೆಗೆದಿಟ್ಟುಕೊಳ್ಳುವ ಮಾರ್ಗವನ್ನು ಹಿಡಿಯಿತು. ಹಳೆಯ ರೀತಿಯ ಫಂಕ್ಷನ್ನನ್ನು ಹೊಸದಕ್ಕೆ ಹೊಂದಿಸುವ ಸಾಧನವನ್ನೂ ಕೊಟ್ಟಿತು. ಈ ಭಾಷೆಗಳಲ್ಲಿ ಫಂಕ್ಷನ್ನೂ ಒಂದು ಮೌಲ್ಯವೇ ಆದ್ದರಿಂದ ಅದನ್ನು ಸಂಖ್ಯೆಯಂತೆ ಹುಟ್ಟಿಸಬಹುದು, ಇಡಬಹುದು, ಇನ್ನೊಬ್ಬರ ಕೈಗೆ ಕೊಡಬಹುದು. ಊರು, ಬೆಲೆ, ತೇವ ಎಂಬ ಮೂರು ಹೆಸರುಗಳನ್ನೂ ಅವುಗಳ ಏರಿಳಿತವನ್ನೂ ಸ್ವೀಕರಿಸಿ ತಾಯಿ-ಫಂಕ್ಷನ್ನೊಂದು ಹೆತ್ತುಕೊಡುವ ಮರಿ-ಫಂಕ್ಷನ್ನು ತನ್ನ ಜನನಕಾಲದ ಈ ಸಂದರ್ಭವನ್ನೆಲ್ಲ ಒಡಲಲ್ಲಿಟ್ಟುಕೊಂಡಿರುತ್ತದೆ: ಮೊದಲನೆಯ ಅಂಶದಲ್ಲಿ ಅಂತರವಿದ್ದರೆ ಅಲ್ಲಿಯೇ ತೀರ್ಪನ್ನು ಕೊಡುವುದು, ಇಲ್ಲದಿದ್ದರೆ ಎರಡನೆಯದಕ್ಕೆ ಹೋಗುವುದು, ಎಲ್ಲವೂ ಸಮವಾದರೆ ಸೊನ್ನೆಯೆಂದು ಸುಮ್ಮನಾಗುವುದು. ಜೋಡಣೆ ಮುಗಿದೊಡನೆ ಆ ಮರಿಯೂ ಅಳಿಯುತ್ತದೆ.

ವೈಶೇಷಿಕರು ಇದನ್ನು ಕಂಡಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. ಅವರು ಎಣಿಸಿದ ಇಪ್ಪತ್ತನಾಲ್ಕು ಗುಣಗಳಲ್ಲಿ ಪರತ್ವ ಮತ್ತು ಅಪರತ್ವಗಳು ಸೇರಿವೆ: ದೂರ-ಸಮೀಪ, ಹಿರಿದು-ಕಿರಿದು ಎಂಬ ವ್ಯವಹಾರಕ್ಕೆ ಕಾರಣವಾದ ಗುಣಗಳಿವು. ಹಣ್ಣಿನ ಬಣ್ಣದಂತೆ ಇವು ವಸ್ತುವಿನಲ್ಲಿ ಸದಾ ಇರತಕ್ಕವಲ್ಲ. ‘ಇದಕ್ಕಿಂತ ಅದು’ ಎಂದು ಎರಡನ್ನೂ ಒಟ್ಟಿಗೆ ಗ್ರಹಿಸುವ ಅಪೇಕ್ಷಾಬುದ್ಧಿಯು ಉದಿಸಿದಾಗ ಹುಟ್ಟುವುವು, ಆ ಬುದ್ಧಿಯು ನಷ್ಟವಾದಾಗ ನಾಶವಾಗುವುವು. ಎರಡು ಎಂಬ ಸಂಖ್ಯೆಯ ವಿಷಯದಲ್ಲಿಯೂ ಅವರ ಸಿದ್ಧಾಂತವು ಹೀಗೆಯೇ. ಆದರೆ ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದುಂಟು. ಅಪೇಕ್ಷಾಬುದ್ಧಿಯಿಂದ ಹುಟ್ಟಿತೆಂಬ ಮಾತ್ರಕ್ಕೆ ಅದು ಸುಳ್ಳೆಂದು ವೈಶೇಷಿಕರು ಹೇಳಲಿಲ್ಲ. ಬುದ್ಧಿಯು ಅದರ ಹುಟ್ಟಿಗೆ ನಿಮಿತ್ತ. ಹುಟ್ಟಿದ್ದು ಮಾತ್ರ ವಸ್ತುವನ್ನಾಶ್ರಯಿಸಿದ ಗುಣವೇ. ಮಂಚಾಲೆಯು ಆದವಾನಿಗೆ ಎಮ್ಮಿಗನೂರಿಗಿಂತ ಸಮೀಪವೋ ದೂರವೋ ಎಂಬ ಪ್ರಶ್ನೆಯನ್ನು ನಾವೆತ್ತಿದಾಗ ಮಾತ್ರ ಉತ್ತರವು ಹುಟ್ಟುವುದಾದರೂ, ಯಾವ ಉತ್ತರವು ಹುಟ್ಟಬೇಕೆಂಬುದನ್ನು ನೆಲವು ನಿರ್ಣಯಿಸುತ್ತದೆ.

ಮಧ್ವಾಚಾರ್ಯರು ಇನ್ನೂ ಒಂದು ಹೆಜ್ಜೆ ಆಳಕ್ಕೆ ಇಳಿದರು. ಭೇದವನ್ನು ಅಲ್ಲಗಳೆಯುವ ವಾದಿಗಳು ಎತ್ತಿದ ಆಕ್ಷೇಪವು ಪ್ರಬಲವಾದದ್ದು: ಇದು ಅದಕ್ಕಿಂತ ಭಿನ್ನವೆಂದು ತಿಳಿಯಲು ಅದನ್ನು ಬೇರೆಯೆಂದು ಮೊದಲೇ ತಿಳಿದಿರಬೇಕು, ಅದನ್ನು ಬೇರೆಯೆಂದು ತಿಳಿಯಲು ಇದನ್ನು ತಿಳಿದಿರಬೇಕು, ಹೀಗೆ ಒಂದನ್ನೊಂದು ಆಶ್ರಯಿಸಿ ಎರಡೂ ನಿಲ್ಲದೆ ಬೀಳುವುವು. ಆಚಾರ್ಯರ ಸಮಾಧಾನವಾದರೋ, ಭೇದವು ವಸ್ತುವಿನ ಹೊರಗಿನಿಂದ ಬಂದು ಅಂಟಿಕೊಂಡ ಧರ್ಮವಲ್ಲ, ವಸ್ತುವಿನ ಸ್ವರೂಪವೇ; ವಸ್ತುವನ್ನು ಕಂಡೆವೆಂದರೆ ಉಳಿದೆಲ್ಲಕ್ಕಿಂತ ವಿಲಕ್ಷಣವಾಗಿಯೇ ಕಂಡೆವು, ಇಂತಹುದಕ್ಕಿಂತ ಇಂತು ಭಿನ್ನ ಎಂಬ ವಿವರಣೆಯು ಅನಂತರದ್ದು ಎಂಬುದಾಗಿದೆ. ಜಯತೀರ್ಥರ ನ್ಯಾಯಸುಧೆಯಲ್ಲಿ ಹರಡಿಕೊಂಡ ಈ ವಾದಪರಂಪರೆಗೆ ಪರಿಮಳವೆಂಬ ವ್ಯಾಖ್ಯಾನವನ್ನು ಬರೆದೇ ರಾಘವೇಂದ್ರತೀರ್ಥರು ಪರಿಮಳಾಚಾರ್ಯರೆನಿಸಿದರು.

ಈ ಬೆಳಕಿನಲ್ಲಿ ಯಂತ್ರವನ್ನು ಮರಳಿ ನೋಡಿದರೆ ಗೊಂದಲವು ತಿಳಿಯಾಗುತ್ತದೆ. ಹೋಲಿಕೆಯ ಫಂಕ್ಷನ್ನು ಎಷ್ಟೇ ಸ್ವಚ್ಛಂದವಾಗಿ ನಿರ್ಮಿತವಾದರೂ ಅಂತರವನ್ನು ಸೃಷ್ಟಿಸಲಾರದು. ಇರುವ ಅಂತರಗಳಲ್ಲಿ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮಾತ್ರ ಅದು ಆರಿಸುತ್ತದೆ. ಎಳೆ ಉದ್ದವಾದ ಹತ್ತಿಯೂ ಗಿಡ್ಡವಾದ ಹತ್ತಿಯೂ ಯಾರೂ ಕೇಳದಿದ್ದಾಗಲೂ ಬೇರೆಬೇರೆಯೇ. ಆದಕಾರಣ ಭೇದವು ವಸ್ತುವಿನದು, ಕ್ರಮವು ನಮ್ಮ ಆಯ್ಕೆಯದು. ಮತ್ತು ಆಯ್ಕೆಯು ನಮ್ಮದಾದ್ದರಿಂದ ಅದರ ಹೊಣೆಯೂ ನಮ್ಮದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ ದಾಸರು ಹಾಡಿದ ತಾರತಮ್ಯದ ಗತಿಯೇನು ಎಂದು ಓದುಗರು ಕೇಳಬಹುದು. ಭಾಮಿನೀ ಷಟ್ಪದಿಯ ಹರಿಕಥಾಮೃತಸಾರದಲ್ಲಿ ಈ ವಿಷಯಕ್ಕೆ ದೊರೆತಿರುವ ಸ್ಥಾನವು ಅಲ್ಪವಾದುದಲ್ಲ. ಆರೋಹಣ, ಅವರೋಹಣ, ಅನುಕ್ರಮಣಿಕಾ, ಅಣು, ಬೃಹತ್, ಕಕ್ಷಾ ಎಂಬ ಹೆಸರಿನ ತಾರತಮ್ಯ ಸಂಧಿಗಳೇ ಅದರಲ್ಲಿವೆ. ಅಲ್ಲಿಯ ಕ್ರಮವು ಮನುಷ್ಯನ ಆಯ್ಕೆಯದಲ್ಲ. ಹರಿಯು ಸರ್ವೋತ್ತಮ, ಅವನ ಕೆಳಗೆ ಲಕ್ಷ್ಮಿ, ಬಳಿಕ ಬ್ರಹ್ಮವಾಯುಗಳು, ಅವರ ಬಳಿಕ ಸರಸ್ವತೀಭಾರತಿಯರು, ಮುಂದೆ ಗರುಡಶೇಷರುದ್ರರು ಎಂದು ಇಳಿದುಬರುವ ಆ ಶ್ರೇಣಿಯು ಅನಾದಿಯಾದದ್ದು, ನಿತ್ಯವಾದದ್ದು. ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಮೂರು ವರ್ಗಗಳುಂಟೆಂಬ ಮಾತಂತೂ ಅನೇಕ ಸಜ್ಜನರ ಮನಸ್ಸನ್ನು ನೋಯಿಸಿದೆ. ಸಮಾಜದಲ್ಲಿ ಮೇಲುಕೀಳನ್ನು ಸಾಧಿಸಹೊರಟವರಿಗೆ ಇದು ಆಯುಧವಾಗಿ ಒದಗಿದುದೂ ಉಂಟು. ಈ ನೋವು ನಿಜವಾದದ್ದು. ಅದನ್ನು ಮುಚ್ಚಿಡುವುದರಿಂದ ಸಿದ್ಧಾಂತಕ್ಕೆ ಗೌರವವು ಬಾರದು.

ಆದರೆ ಸಿದ್ಧಾಂತವನ್ನು ಅದರ ಕೊನೆಯವರೆಗೂ ಹಿಂಬಾಲಿಸಿದವನಿಗೆ ಅಲ್ಲಿಯೇ ಒಂದು ನಿಷೇಧವು ಕಾಣುತ್ತದೆ. ಹೋಲಿಕೆಯ ಫಂಕ್ಷನ್ನು ತನಗೆ ಒಪ್ಪಿಸಿದ ದಾಖಲೆಯಲ್ಲಿರುವ ಅಂಶವನ್ನಷ್ಟೇ ಓದಬಲ್ಲುದು. ದಾಖಲೆಯಲ್ಲಿಲ್ಲದುದನ್ನು ಅದು ಹೋಲಿಸಲಾರದು. ಜೀವನ ಸ್ವರೂಪಯೋಗ್ಯತೆಯಾದರೋ ಮನುಷ್ಯನು ಬರೆದಿಡುವ ಯಾವ ದಾಖಲೆಯಲ್ಲಿಯೂ ಇಲ್ಲ. ಕುಲ, ಧನ, ಉದ್ಯೋಗ, ಅಂಕ, ಭಾಷೆ, ಉಡುಪು ಇವೆಲ್ಲ ದೇಹಕ್ಕೂ ಅದರ ವ್ಯವಹಾರಕ್ಕೂ ಸೇರಿದವು; ಸ್ವರೂಪವನ್ನು ಬಲ್ಲವನು ಬಿಂಬರೂಪಿಯಾದ ಹರಿಯು, ಅವನು ತಿಳಿಸಿದರೆ, ಅವನನ್ನು ಪ್ರತ್ಯಕ್ಷವಾಗಿ ಕಂಡ ಅಪರೋಕ್ಷಜ್ಞಾನಿಯು. ಆದ್ದರಿಂದ ಸ್ವರೂಪತಾರತಮ್ಯವನ್ನು ಎಷ್ಟು ಗಟ್ಟಿಯಾಗಿ ನಂಬುವೆವೋ ಅಷ್ಟೇ ಗಟ್ಟಿಯಾಗಿ, ನೆರೆಯವನನ್ನು ಅದರ ಹೆಸರಿನಲ್ಲಿ ಕೀಳೆನ್ನುವ ಅಧಿಕಾರವು ನಮಗಿಲ್ಲವೆಂದೂ ನಂಬಬೇಕಾಗುತ್ತದೆ. ದಾಸರ ಪರಂಪರೆಯೇ ಇದಕ್ಕೆ ಸಾಕ್ಷಿ. ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಸಂಸ್ಕೃತ ಪಾಂಡಿತ್ಯವೊಂದನ್ನೇ ಅಳತೆಗೋಲಾಗಿ ಹಿಡಿದು, ಕನ್ನಡದಲ್ಲಿ ಹಾಡುತ್ತಿದ್ದ ವಿಜಯದಾಸರ ಆಹ್ವಾನವನ್ನು ಉದರವ್ಯಾಧಿಯ ನೆಪದಿಂದ ತಿರಸ್ಕರಿಸಿದರೆಂದೂ, ಆ ವ್ಯಾಧಿಯೇ ನಿಜವಾಗಿ ಬಾಧಿಸಿದಾಗ ವಿಜಯದಾಸರ ಶಿಷ್ಯರಾದ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರೆಂದೂ ಸಂಪ್ರದಾಯವು ಹೇಳುತ್ತದೆ. ಆ ಶ್ರೀನಿವಾಸಾಚಾರ್ಯರೇ ಜಗನ್ನಾಥವಿಠಲಾಂಕಿತರಾದ ಜಗನ್ನಾಥದಾಸರಾಗಿ ತಾರತಮ್ಯ ಸಂಧಿಗಳನ್ನು ಕನ್ನಡದಲ್ಲಿ ರಚಿಸಿದವರು. ತಾವು ಕಟ್ಟಿಕೊಂಡಿದ್ದ ಅಳತೆಯನ್ನು ಸೃಷ್ಟಿಯ ಅಳತೆಯೆಂದು ಭ್ರಮಿಸುವ ದೋಷವನ್ನು ಅವರಷ್ಟು ಹತ್ತಿರದಿಂದ ಅರಿತವರು ವಿರಳ.

ಮಂಚಾಲೆಯ ಕಥೆಯಲ್ಲಿಯೂ ಇದೇ ತತ್ತ್ವವಿದೆ. ಆದವಾನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನನು, ತನ್ನ ದಿವಾನ ವೆಂಕಣ್ಣನ ಮೂಲಕ, ಹೆಚ್ಚಿನ ಹುಟ್ಟುವಳಿಯುಳ್ಳ ಗ್ರಾಮವನ್ನೇ ರಾಘವೇಂದ್ರತೀರ್ಥರಿಗೆ ಅರ್ಪಿಸಲು ಸಿದ್ಧನಾಗಿದ್ದರೂ, ಅವರು ಬರಡಾದ ಮಂಚಾಲೆಯನ್ನೇ ಕೇಳಿದರಂತೆ. ಪ್ರಹ್ಲಾದನು ಯಾಗಮಾಡಿದ ನೆಲವದು ಎಂಬುದು ಕಾರಣ. ದಿವಾನನ ಪಟ್ಟಿಯಲ್ಲಿ ಕಂದಾಯವನ್ನನುಸರಿಸಿ ಕೊನೆಯಲ್ಲಿದ್ದ ಊರು ಬೇರೊಂದು ಅಂಶದಿಂದ ನೋಡಿದಾಗ ತುದಿಗೇರಿತು. ಪಟ್ಟಿಯು ಅದೇ, ಊರುಗಳೂ ಅವೇ.

ಹರಿಕಥಾಮೃತಸಾರದಲ್ಲಿ ದತ್ತಸ್ವಾತಂತ್ರ್ಯವೆಂಬ ಸಂಧಿಯೂ ಒಂದುಂಟು. ಮಧ್ವಾಚಾರ್ಯರು ತತ್ತ್ವಸಂಖ್ಯಾನದ ಆದಿಯಲ್ಲಿಯೇ ತತ್ತ್ವವನ್ನು ಸ್ವತಂತ್ರ ಅಸ್ವತಂತ್ರ ಎಂದು ಎರಡಾಗಿ ವಿಭಾಗಿಸಿ, ಸ್ವತಂತ್ರನು ವಿಷ್ಣುವೊಬ್ಬನೇ ಎಂದಮೇಲೆ, ಜೀವನಿಗೆ ಪಾಪಪುಣ್ಯಗಳ ಹೊಣೆ ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ಜೀವನಿಗಿರುವುದು ಕೊಡಲ್ಪಟ್ಟ ಸ್ವಾತಂತ್ರ್ಯ ಎಂಬುದು ಅದಕ್ಕೆ ಉತ್ತರ. ನಿಯಮವನ್ನು ಕಟ್ಟುವವನ ಸ್ವಾತಂತ್ರ್ಯವೂ ಇಂತಹುದೇ ಎಂದು ನಾನು ಭಾವಿಸುತ್ತೇನೆ. ವಸ್ತುಗಳನ್ನು ಅವನು ಮಾಡಲಿಲ್ಲ, ಅವುಗಳ ಭೇದವನ್ನು ಅವನು ಮಾಡಲಿಲ್ಲ. ಆದರೂ ಈ ಭೇದವನ್ನು ಹಿಡಿ, ಆ ಭೇದವನ್ನು ಬಿಡು ಎನ್ನುವ ಅಧಿಕಾರವು ಅವನ ಕೈಗೆ ಬಂದಿದೆ.

ಈ ಅಧಿಕಾರಕ್ಕೆ ತರ್ಕವು ಹಾಕಿದ ಕಟ್ಟಳೆಯೂ ಉಂಟು. ಮೂರು ಹತ್ತಿರಾಶಿಗಳಿರಲಿ. ಎಳೆಯ ಉದ್ದದಲ್ಲಿ ಮೊದಲನೆಯದು, ಎರಡನೆಯದು, ಮೂರನೆಯದು ಎಂಬುದು ಕ್ರಮ. ಒಣಗಿರುವಿಕೆಯಲ್ಲಿ ಎರಡನೆಯದು, ಮೂರನೆಯದು, ಮೊದಲನೆಯದು. ಶುಚಿಯಲ್ಲಿ ಮೂರನೆಯದು, ಮೊದಲನೆಯದು, ಎರಡನೆಯದು. ‘ಮೂರು ಗುಣಗಳಲ್ಲಿ ಎರಡರಲ್ಲಿ ಮುಂದಿರುವುದೇ ಶ್ರೇಷ್ಠ’ ಎಂಬ, ನೋಡಲು ನ್ಯಾಯವಾದ ನಿಯಮವನ್ನಿಟ್ಟರೆ ಮೊದಲನೆಯದು ಎರಡನೆಯದನ್ನೂ, ಎರಡನೆಯದು ಮೂರನೆಯದನ್ನೂ, ಮೂರನೆಯದು ಮೊದಲನೆಯದನ್ನೂ ಗೆಲ್ಲುತ್ತದೆ! ಫ್ರಾನ್ಸಿನ ಕಾಂಡೋರ್ಸೆ 1785ರಲ್ಲಿಯೇ ಮತದಾನದ ವಿಷಯದಲ್ಲಿ ಈ ಚಕ್ರವನ್ನು ತೋರಿಸಿಕೊಟ್ಟನು. ಇಂತಹ ನಿಯಮವನ್ನು ಕೊಟ್ಟರೆ ಕೆಲವು ಭಾಷೆಗಳು ದೋಷವನ್ನು ಸಾರಿ ನಿಲ್ಲಬಹುದು. ಹೆಚ್ಚಿನವು ಏನನ್ನೂ ಹೇಳದೆ, ತಾವು ಯಾವ ಜೋಡಿಯನ್ನು ಮೊದಲು ಕೇಳಿದವೋ ಅದನ್ನನುಸರಿಸಿ ಒಂದು ಪಟ್ಟಿಯನ್ನು ಮುಂದಿಡುತ್ತವೆ. ಕ್ರಮದಂತೆ ತೋರುವುದೆಲ್ಲ ಕ್ರಮವಲ್ಲ.

ನಿಯಮವನ್ನೇ ಕೊಡದಿದ್ದರೆ ನಿಷ್ಪಕ್ಷಪಾತವಾದೀತೆಂಬ ಭ್ರಮೆಯೂ ಬೇಡ. ಜಾವಾಸ್ಕ್ರಿಪ್ಟಿಗೆ ಸಂಖ್ಯೆಗಳ ಪಟ್ಟಿಯನ್ನಿತ್ತು ನಿಯಮವನ್ನು ಹೇಳದೆ ಬಿಟ್ಟರೆ ಅದು ಅವುಗಳನ್ನು ಅಕ್ಷರಗಳೆಂದೆಣಿಸಿ 10ನ್ನು 9ಕ್ಕಿಂತ ಮುಂದಿಡುತ್ತದೆ. ಕನ್ನಡಿಗನಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. ವರ್ಣಮಾಲೆಯಲ್ಲಿ ಹಕಾರದ ಬಳಿಕ ಬರುವ ಳಕಾರಕ್ಕೆ ಯೂನಿಕೋಡಿನಲ್ಲಿ ಲಕಾರದ ಪಕ್ಕದ, ವಕಾರಕ್ಕಿಂತ ಹಿಂದಿನ ಸಂಖ್ಯೆಯು ದೊರೆತಿದೆ. ಹೀಗಾಗಿ ಬರಿಯ ಸಂಖ್ಯಾಕ್ರಮದಲ್ಲಿ ಜೋಡಿಸಿದ ಪಟ್ಟಿಯಲ್ಲಿ ‘ಹಳೆ’ಯು ‘ಹವೆ’ಗಿಂತ ಮುಂದೆ ಬಂದು ನಿಲ್ಲುತ್ತದೆ. ನಿಘಂಟಿನ ಕ್ರಮವನ್ನು ಬಯಸುವವನು ತನ್ನದೇ ಹೋಲಿಕೆಯ ಫಂಕ್ಷನ್ನನ್ನು ಕಟ್ಟಲೇಬೇಕು. ಮೌನವಾಗಿರುವಲ್ಲಿಯೂ ಯಾರೋ ಒಬ್ಬರು ಹಿಂದೆಂದೋ ಮಾಡಿದ ಆಯ್ಕೆಯು ಕೆಲಸಮಾಡುತ್ತಿರುತ್ತದೆ. ಇದರ ಎದುರುತುದಿಯಲ್ಲಿ, ಕೇಳುವವನ ಪಠ್ಯವನ್ನೇ ಶೋಧಿಸದೆ ನಿಯಮವಾಗಿ ಪರಿವರ್ತಿಸಿ ನಡೆಸುವ ಅಪಾಯಕರವಾದ ಪದ್ಧತಿಯೂ ಈ ಭಾಷೆಗಳಲ್ಲಿ ಸಾಧ್ಯ. ಅಲ್ಲಿ ಪಟ್ಟಿಯನ್ನು ಜೋಡಿಸಲು ಬಂದ ಮಾತು ಯಂತ್ರವನ್ನೇ ವಶಪಡಿಸಿಕೊಳ್ಳಬಲ್ಲುದು.

ಮನುಷ್ಯರನ್ನೂ ಊರುಗಳನ್ನೂ ಜೋಡಿಸುವಾಗ ಈ ಆಯ್ಕೆಯ ಭಾರವೆಷ್ಟೆಂಬುದನ್ನು ಆದವಾನಿಯು ತನ್ನ ಮೈಮೇಲೆ ಅನುಭವಿಸಿದೆ. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿ, ಉಳಿದವು ಮೈಸೂರಿಗೆ ಬಂದವು. ಭಾಷೆಯೆಂಬ ಅಂಶವು ಮುಖ್ಯವೆಂದು ಒಪ್ಪಲಾಗಿತ್ತು. ಆದರೆ ಆ ಅಂಶವನ್ನು ತಾಲೂಕಿಗೆ ತಾಲೂಕಾಗಿ ಅಳೆಯಬೇಕೋ ಗ್ರಾಮಕ್ಕೆ ಗ್ರಾಮವಾಗಿ ಅಳೆಯಬೇಕೋ ಎಂಬುದರಲ್ಲಿ ಹೊಳಗುಂದಿ, ಕೌತಾಳಂ, ಹಾಲಹರವಿ ಕಡೆಯ ಕನ್ನಡದ ಮನೆಗಳ ಭವಿತವ್ಯವಿತ್ತು. ಕೆಲವೇ ವರ್ಷಗಳಲ್ಲಿ ಆಂಧ್ರ ಮದರಾಸುಗಳ ಗಡಿಯನ್ನು ತೀರ್ಮಾನಿಸಿದ ಪಾಟಸ್ಕರರು ಗ್ರಾಮವನ್ನೇ ಘಟಕವಾಗಿ ಹಿಡಿದರು. ತೆಲುಗು ಕನ್ನಡಗಳೆರಡನ್ನೂ ಮನೆಯಲ್ಲಾಡುವ ಜನರನ್ನು ಯಾವ ಅಂಕಣದಲ್ಲಿ ಬರೆಯಬೇಕೆಂಬುದನ್ನಂತೂ ಯಾವ ಘಟಕವೂ ಬಗೆಹರಿಸಲಿಲ್ಲ. ತಾಲೂಕಿನ ಅಳತೆಯು ಆಡಳಿತಕ್ಕೆ ಸುಲಭವಾಯಿತೆಂಬುದು ನಿಜ. ಗಡಿಯ ಕನ್ನಡಿಗರ ವಿಷಯದಲ್ಲಿ ಅದು ಒರಟಾದ ಅಳತೆಯಾಯಿತೆಂಬುದೂ ನಿಜವೇ.

ಸಮವಾದವುಗಳ ವಿಷಯದಲ್ಲಿ ಯಂತ್ರವು ಕಲಿತಿರುವ ಒಂದು ಸೌಜನ್ಯವು ನನಗೆ ಬಹಳ ಪ್ರಿಯವಾದದ್ದು. ಗರುಡಶೇಷರುದ್ರರು ಒಂದೇ ಕಕ್ಷೆಯವರು, ಎಂದರೆ ಸಮಾನ ಸ್ಥಾನದವರು, ಎಂದು ಸಿದ್ಧಾಂತವು ಹೇಳುವಂತೆ, ಯಾವ ನಿಯಮಕ್ಕೂ ‘ಇಲ್ಲಿ ಅಂತರವಿಲ್ಲ’ ಎನ್ನಬೇಕಾದ ಪ್ರಸಂಗಗಳುಂಟು. ಟಿಮ್ ಪೀಟರ್ಸ್ 2002ರಲ್ಲಿ ಪೈಥಾನಿಗಾಗಿ ರಚಿಸಿದ ಜೋಡಣೆಯ ವಿಧಾನವು ಇಂತಹ ಸಮಾನರನ್ನು ಅವರು ಬಂದ ಕ್ರಮದಲ್ಲಿಯೇ ಉಳಿಸುತ್ತದೆ; 2019ರಿಂದ ಜಾವಾಸ್ಕ್ರಿಪ್ಟಿಗೂ ಇದು ಕಟ್ಟಳೆಯಾಗಿದೆ. ನಿಯಮಕ್ಕೆ ಹೇಳಲು ಏನೂ ಇಲ್ಲದ ಕಡೆ ಅದು ಸಲ್ಲದ ಭೇದವನ್ನು ಕಲ್ಪಿಸದೆ ಮೊದಲು ಬಂದವರಿಗೆ ಮೊದಲ ಸ್ಥಾನವನ್ನು ಬಿಟ್ಟುಕೊಡುವುದು ಧರ್ಮಕ್ಕೆ ಒಪ್ಪುವ ನಡತೆ. ಮಂತ್ರಾಲಯದಲ್ಲಿ ಯಾತ್ರಿಕರು ಮೊದಲು ಗ್ರಾಮದೇವತೆಯಾದ ಮಂಚಾಲಮ್ಮನ ದರ್ಶನವನ್ನು ಮಾಡಿ, ಅನಂತರವೇ ರಾಯರ ವೃಂದಾವನದ ಬಳಿಗೆ ಹೋಗುತ್ತಾರೆ. ಆ ಊರಿನಲ್ಲಿ ಮೊದಲಿಂದ ನೆಲೆಸಿದ್ದವಳು ಆಕೆ.

ಇಂದು ಪಿಂಚಣಿಯ ಪಟ್ಟಿ, ಮನೆಯ ಪಟ್ಟಿ, ವಿದ್ಯಾರ್ಥಿಗಳ ಪ್ರವೇಶದ ಪಟ್ಟಿ, ಬೆಳೆಹಾನಿಯ ಪಟ್ಟಿ ಎಲ್ಲವೂ ಯಾರೋ ಕಟ್ಟಿದ ಹೋಲಿಕೆಯ ಫಂಕ್ಷನ್ನುಗಳ ಮೂಲಕವೇ ಹಾದು ಬರುತ್ತಿವೆ. ಅದರಲ್ಲಿ ತನ್ನ ಹೆಸರು ಕೆಳಗಿರುವುದನ್ನು ಕಂಡ ಬಡವನು ಹಣೆಬರಹವೆಂದು ನಿಟ್ಟುಸಿರಿಟ್ಟು ಹಿಂತಿರುಗುತ್ತಾನೆ. ಅದು ಹಣೆಬರಹವಲ್ಲ, ಮನುಷ್ಯನ ಬರಹ. ಅಂತಹ ಫಂಕ್ಷನ್ನುಗಳನ್ನು ಬರೆಯುವ ಕೆಲಸಕ್ಕೆ ಆದವಾನಿಯಿಂದಲೂ ಆಲೂರಿನಿಂದಲೂ ಬೆಂಗಳೂರು ಹೈದರಾಬಾದುಗಳಿಗೆ ಹೋಗಿರುವ ತರುಣ ತರುಣಿಯರಲ್ಲಿ ನನ್ನ ಬಿನ್ನಹವಿಷ್ಟೇ: ಮನುಷ್ಯರ ಹೆಸರುಗಳುಳ್ಳ ಯಾವ ಪಟ್ಟಿಯನ್ನು ಹೊರಡಿಸಿದರೂ ಯಾವ ಅಂಶವನ್ನು ಮೊದಲು, ಯಾವುದನ್ನು ಅನಂತರ ಹೋಲಿಸಲಾಯಿತು, ಸಮವಾದಲ್ಲಿ ಏನು ಮಾಡಲಾಯಿತು ಎಂಬುದನ್ನು ಆ ಪಟ್ಟಿಯ ತಲೆಯ ಮೇಲೆಯೇ, ಓದುವವನಿಗೆ ತಿಳಿಯುವ ಕನ್ನಡದಲ್ಲಿಯೋ ತೆಲುಗಿನಲ್ಲಿಯೋ, ದಯವಿಟ್ಟು ಬರೆಯಿರಿ.